ಒಂದು ಹನಿ ಎಣ್ಣೆ

ನನ್ನ ಕಾದಂಬರಿಯನ್ನು ಯಾರಾದರೂ ಹೊಗಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಹದಿನೇಳನೆಯ ಅಧ್ಯಾಯ ಓದಿ ಅತ್ತುಬಿಟ್ಟೆ ಅಂದರಂತೂ ಎದ್ದು ಹೊರಗೆ ಹೋಗಿಬಿಡುತ್ತೇನೆ. ಈಗಿನ ಮುದ್ರಣದಲ್ಲಿ ಆ ಅಧ್ಯಾಯ ಇಲ್ಲ, ಆದರೆ ಹಳೆಯ ಪ್ರತಿಗಳು ಇನ್ನೂ ಓಡಾಡುತ್ತಿವೆಯಲ್ಲ. ಹೊಗಳಿದವರು ನನಗೆ ಕೊಬ್ಬು ಅಂದುಕೊಳ್ಳುತ್ತಾರೆ. ಕೊಬ್ಬೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇದು ನಾಚಿಕೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೇನೆ, ಅದರಲ್ಲಿ ಎಂಟು ವರ್ಷ ಒಂದೇ ಕಾದಂಬರಿ ಬರೆದಿದ್ದೇನೆ. ಬೇರೊಂದು ಗ್ರಹದಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡ ಮನುಷ್ಯನ ಕಥೆ. ಜೊತೆಗೆ ಬಂದವರು ಸತ್ತಿದ್ದಾರೆ, ಕರೆದುಕೊಂಡು ಹೋಗುವ ನೌಕೆ ಬರುವುದಕ್ಕೆ ಇನ್ನೂ ನಾನೂರ ಹನ್ನೊಂದು ದಿನ ಬೇಕು. ಅಲ್ಲಿಯವರೆಗೆ ಇವನು ಬದುಕಿರಬೇಕು, ಅಷ್ಟೇ ಕಥೆ. ಮಾಯ ಮಂತ್ರ ಇಲ್ಲ, ಮೂರು ಕಣ್ಣಿನ ಜೀವಿಗಳಿಲ್ಲ. ಆ ಗ್ರಹದ ಹಗಲು ಎಷ್ಟು ಗಂಟೆ, ಗಾಳಿಯ ಒತ್ತಡ ಎಷ್ಟು, ಮನುಷ್ಯ ಸುಮ್ಮನೆ ಮಲಗಿದ್ದರೆ ಎಷ್ಟು ಆಕ್ಸಿಜನ್ ಬೇಕು, ಅತ್ತರೆ ಎಷ್ಟು ಹೆಚ್ಚು ಬೇಕು, ಎಲ್ಲ ಲೆಕ್ಕ ಹಾಕಿದ್ದೆ. ಹೆಂಡತಿ ಬೇಸತ್ತು, "ಮನೆಯಲ್ಲಿ ಗೀಸರ್ ಕೆಟ್ಟು ಹದಿನೈದು ದಿನ ಆಯ್ತು, ಅದರ ಲೆಕ್ಕ ಯಾವ ಗ್ರಹದವರು ನೋಡ್ತಾರೆ?" ಅಂದಿದ್ದಳು. ಪುಸ್ತಕದ ಹಿಂಪುಟದಲ್ಲಿ "ಇಲ್ಲಿರುವ ಮನುಷ್ಯ ಕಲ್ಪನೆ, ವಿಜ್ಞಾನ ಮಾತ್ರ ಪೂರ್ತಿ ನಿಜ" ಅಂತ ಅಚ್ಚು ಹಾಕಿಸಿದವನು ನಾನೇ. ಪ್ರಕಾಶಕರು ಹೇಳಿದ್ದಲ್ಲ.

ಪೈಪು, ವಾಲ್ವ್, ಸಿಲಿಂಡರಿನ ಸಂಗತಿ ಮಾತ್ರ ನನಗೆ ಪುಸ್ತಕದ ಬದನೆಕಾಯಿ. ಅದಕ್ಕೆ ಭಾವ ಇದ್ದರು. ಅಕ್ಕನ ಗಂಡ. ಆಕ್ಸಿಜನ್ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಸಿಲಿಂಡರ್ ಒಯ್ಯುವ ಗಿರಾಕಿಗಳಿಗೂ ಸುರಕ್ಷತೆಯ ಪಾಠ ಹೇಳುವುದು ಅವರ ಕೆಲಸ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಪ್ರತಿಯೊಬ್ಬರ ಅಂಗೈ ಮೂಸಿ ನೋಡಿ ಒಳಗೆ ಬಿಡುತ್ತಿದ್ದರು. ಕೈಗೆ ಎಣ್ಣೆ ಗ್ರೀಸು ಅಂಟಿರಬಾರದು, ತಲೆಗೆ ಎಣ್ಣೆ ಹಚ್ಚಿದ್ದರೆ ಟೋಪಿ ಬಿಗಿಯಾಗಿ ಹಾಕಬೇಕು. ಒತ್ತಡದಲ್ಲಿರುವ ಆಕ್ಸಿಜನ್ನಿಗೆ ಎಣ್ಣೆ ತಗುಲಿದರೆ ಕಡ್ಡಿ ಗೀರುವುದೇ ಬೇಡ, ತಾನಾಗಿಯೇ ಹತ್ತಿಕೊಂಡು ಸಿಡಿಯುತ್ತದೆ. ಭಾವ ಅದನ್ನು ತಮ್ಮದೇ ಧಾಟಿಯಲ್ಲಿ ಹೇಳುತ್ತಿದ್ದರು.

"ಎಣ್ಣೆ ಸೀಗೆಕಾಯಿ ಅಂತಾರಲ್ಲ, ಅವೆರಡು ಜಗಳ ಆಡ್ಕೊಂಡಾದ್ರೂ ಒಂದೇ ಬಚ್ಚಲಲ್ಲಿ ಇರ್ತವೆ. ಎಣ್ಣೆ ಆಕ್ಸಿಜನ್ ಸೇರಿದ್ರೆ ಬಚ್ಚಲೂ ಉಳಿಯಲ್ಲ, ಮನೆಯೂ ಉಳಿಯಲ್ಲ."

ಪ್ರತಿ ಸಲ ಹಿಂದಿನ ಸಾಲಿನಿಂದ ಯಾರಾದರೊಬ್ಬ, "ಸಾರ್, ನಿನ್ನೆ ಹಾಕಿದ ಎಣ್ಣೆ?" ಅನ್ನುತ್ತಿದ್ದ.

"ಅದನ್ನ ನಿನ್ನ ಹೆಂಡತಿ ನೋಡ್ಕೋತಾಳೆ. ನೀನು ಕೈ ತೋರಿಸು."

ಈ ಪಾಠ ಅಂದರೆ ಭಾವನಿಗೆ ಪ್ರಾಣ. ಅವರು ಹೆಚ್ಚು ಓದಿದವರಲ್ಲ. ನನಗಿಂತ ಹದಿಮೂರು ವರ್ಷ ದೊಡ್ಡವರಾದರೂ ನನ್ನನ್ನು "ಮೇಷ್ಟ್ರೇ, ನೀವು" ಅಂತಲೇ ಕರೆಯುತ್ತಿದ್ದರು. "ನೀವು ಮೂವತ್ತು ಜನಕ್ಕೆ ಪಾಠ ಹೇಳ್ತೀರಿ, ನಾನೂ ಮೂವತ್ತು ಜನಕ್ಕೆ ಹೇಳ್ತೀನಿ. ನನ್ನ ಕ್ಲಾಸಲ್ಲಿ ಫೇಲಾದ್ರೆ ಮಾತ್ರ ಮರುಪರೀಕ್ಷೆ ಇಲ್ಲ" ಅಂತ ನಗುತ್ತಿದ್ದರು.

ಇನ್ನು ಆ ಹದಿನೇಳನೆಯ ಅಧ್ಯಾಯ. ಇನ್ನೂರ ಆರನೆಯ ದಿನ ನನ್ನ ನಾಯಕನ ಆಕ್ಸಿಜನ್ ತೊಟ್ಟಿಯ ವಾಲ್ವ್ ಚಳಿಗೆ ಕಚ್ಚಿಕೊಂಡುಬಿಡುತ್ತದೆ. ತಿರುಗುವುದೇ ಇಲ್ಲ. ಗುಡಾರದೊಳಗೆ ಉಸಿರು ನಲವತ್ತು ನಿಮಿಷಕ್ಕೆ ಮಾತ್ರ ಉಳಿದಿದೆ. ಆಗ ಅವನಿಗೆ ಹೊರಡುವ ದಿನ ಅಮ್ಮ ಚೀಲಕ್ಕೆ ತುರುಕಿದ್ದ ತಲೆಗೆ ಹಚ್ಚುವ ಎಣ್ಣೆಯ ಪುಟ್ಟ ಬಾಟಲಿ ನೆನಪಾಗುತ್ತದೆ. ಎಣ್ಣೆ ಹೆಪ್ಪುಗಟ್ಟಿದೆ. ಕಂಕುಳಲ್ಲಿ ಇಟ್ಟುಕೊಂಡು ಕರಗಿಸುತ್ತಾನೆ, ಒಂದು ಹನಿ ಬಿಡುತ್ತಾನೆ, ವಾಲ್ವ್ ತಿರುಗುತ್ತದೆ, ಉಸಿರು ಬರುತ್ತದೆ. ಅಮ್ಮ ಅಂತ ಕೂಗುತ್ತಾನೆ. ಬರೆಯುವಾಗ ನಾನೇ ಅತ್ತಿದ್ದೆ. ಕಂಕುಳ ಕಾವಿಗೆ ಎಣ್ಣೆ ಕರಗಲು ಎಷ್ಟು ನಿಮಿಷ ಬೇಕು ಅಂತ ನಾಲ್ಕು ದಿನ ಲೆಕ್ಕ ಹಾಕಿದ್ದೆ. ಕರಗಿದ ಮೇಲೆ ಅದು ಏನು ಮಾಡುತ್ತದೆ ಅನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ. ಭಾವನ ಪಾಠ ನೂರು ಸಲ ಕೇಳಿ ನಕ್ಕವನು ನಾನು, ಒಂದು ಸಲವೂ ಕಲಿಯಲಿಲ್ಲ.

ಭಾವ ಹಸ್ತಪ್ರತಿ ಓದುವುದಕ್ಕೆ ಎರಡು ತಿಂಗಳು ತೆಗೆದುಕೊಂಡರು. ಒಂದು ಭಾನುವಾರ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಕೆಂಪು ಪೆನ್ಸಿಲಿನಲ್ಲಿ ಅಲ್ಲಲ್ಲಿ ಗುರುತು ಮಾಡಿದ್ದರು. ಸಣ್ಣ ಪುಟ್ಟದ್ದೆಲ್ಲ ಮುಗಿದ ಮೇಲೆ ಆ ಪುಟ ತೆಗೆದರು. ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ "ಎಣ್ಣೆ ಕೂಡದು" ಅಂತ ಬರೆದಿತ್ತು, ಕೆಳಗೆ ಎರಡು ಗೆರೆ.

"ಭಾವ, ಅದು ಬೇರೆ ಗ್ರಹ. ಹೊರಗೆ ಮೈನಸ್ ಅರವತ್ತು ಡಿಗ್ರಿ. ಉಸಿರಾಡೋಕೇ ಗಾಳಿ ಇಲ್ಲ, ಬೆಂಕಿ ಎಲ್ಲಿಂದ ಹತ್ತುತ್ತೆ?" ಅಂದೆ. ದನಿಯಲ್ಲಿ ಮೇಷ್ಟ್ರಿಕೆ ಇತ್ತು.

"ಗ್ರಹ ಬೇರೆ ಇರಬಹುದು ಮೇಷ್ಟ್ರೇ. ಪೈಪಿನ ಒಳಗಿರೋದು ಅದೇ ಆಕ್ಸಿಜನ್ ಅಲ್ವಾ? ತಾನು ಯಾವ ಗ್ರಹದಲ್ಲಿದ್ದೀನಿ ಅಂತ ಅದಕ್ಕೇನು ಗೊತ್ತು?"

ಹತ್ತನೇ ಕ್ಲಾಸಿನವರಿಗೆ ನಾನು ಹೇಳಬೇಕಾದ ಮಾತು ಅದು.

"ಮತ್ತೆ ಅವನು ಹೇಗೆ ಬಿಡಿಸಬೇಕು?"

"ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಬೇಕು. ಕಾಯಬೇಕು. ಅರ್ಧ ಗಂಟೆಗೆ ಬಿಡುತ್ತೆ."

"ಅರ್ಧ ಗಂಟೆ ಬಟ್ಟೆ ಸುತ್ತಿಕೊಂಡು ಕೂತಿರೋ ಅಧ್ಯಾಯ ಯಾರು ಓದ್ತಾರೆ ಭಾವ?"

ಅವರು ನಕ್ಕರು. "ಅದು ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋದು ಇಷ್ಟೇ" ಅಂದರು.

"ಸರಿ ಮಾಡ್ತೀನಿ" ಅಂತ ಮಾತು ಕೊಟ್ಟೆ. ಕೊಡುವಾಗ ಸುಳ್ಳಾಗಿರಲಿಲ್ಲ. ಮೂರು ದಿನ ಕೂತು ಬಟ್ಟೆ ಸುತ್ತಿ ನೋಡಿದೆ, ಸಪ್ಪೆ. ಪ್ರಕಾಶಕರಿಗೆ ಫೋನ್ ಮಾಡಿದೆ. "ಸಾರ್, ಆ ಹನಿ ತೆಗೆದುಬಿಟ್ರೆ ನಿಮ್ಮ ಪುಸ್ತಕದಲ್ಲಿ ಉಳಿಯೋದು ಬರೀ ಪೈಪು. ಕಾದಂಬರಿ ನೋಡ್ಕೊಂಡು ಯಾರು ಸಾರ್ ರಿಪೇರಿ ಮಾಡ್ತಾರೆ?" ಅಂದರು. ಇದೊಂದು ಮಾತಿಗಾಗಿ ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆ ಅನ್ನುವುದು ನಿಜ. ಹನಿ ಉಳಿಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬರೀ ತಪ್ಪು ಮಾಡಿದವನಾಗಿರುತ್ತಿದ್ದೆ. ಕೃತಜ್ಞತೆಯ ಪುಟದಲ್ಲಿ ಹೀಗೆ ಬರೆದೆ: "ಈ ಪುಸ್ತಕದ ಒಂದೊಂದು ವಾಲ್ವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟವರು ಇಪ್ಪತ್ತೇಳು ವರ್ಷ ಆಕ್ಸಿಜನ್ ಕಾರ್ಖಾನೆಯಲ್ಲಿ ದುಡಿದ ನನ್ನ ಭಾವ." ಪ್ರೀತಿಯಿಂದ ಬರೆದೆ ಅಂತ ಹೇಳಿಕೊಳ್ಳಬಹುದು, ಅರ್ಧ ನಿಜವೂ ಹೌದು. ಉಳಿದರ್ಧಕ್ಕೆ ಅವರ ಮೊಹರು ಬೇಕಾಗಿತ್ತು. ಯಾರಾದರೂ ಕೇಳಿದರೆ ಮುಂದೆ ಮಾಡುವುದಕ್ಕೆ ಒಬ್ಬ ಮನುಷ್ಯ.

ಭಾವ ಆ ಪುಟವನ್ನು ಎಷ್ಟು ಸಲ ಓದಿದರೋ. ಅಕ್ಕ ಹೇಳುತ್ತಿದ್ದಳು, "ಮದುವೆ ಫೋಟೋನೂ ಇಷ್ಟು ಸಲ ನೋಡಿಲ್ಲ ಕಣೋ ಇವರು." ಒಳಗಿನದನ್ನು ಮತ್ತೆ ಓದಲಿಲ್ಲ. "ಒಂದು ಸಲ ಓದಿದ್ದೀನಲ್ಲ. ಸರಿ ಮಾಡ್ತೀನಿ ಅಂತ ಮೇಷ್ಟ್ರು ಹೇಳಿದಾರೆ" ಅಂದರಂತೆ. ಕಾರ್ಖಾನೆಯ ಮ್ಯಾನೇಜರಿಗೂ ಖುಷಿಯೋ ಖುಷಿ. ತಮ್ಮವನೊಬ್ಬನ ವಿಷಯ ಪುಸ್ತಕದಲ್ಲಿ ಬಂತು ಅಂತ ಐವತ್ತು ಪ್ರತಿ ತರಿಸಿ, ಗಿರಾಕಿಗಳ ವಾರ್ಷಿಕ ಸಭೆಯಲ್ಲಿ ಹಂಚುವುದು ಅಂತ ತೀರ್ಮಾನಿಸಿದರು. ಮುಖ್ಯ ಅತಿಥಿ ನಾನು.

ಆ ಸಭೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಶೆಡ್ಡಿನೊಳಗೆ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒರಗಿಸಿದ ಖಾಲಿ ಸಿಲಿಂಡರುಗಳು, ಮುಂದೆ ಆಸ್ಪತ್ರೆಯವರು, ಗ್ಯಾರೇಜಿನವರು, ವೆಲ್ಡಿಂಗ್ ಶಾಪಿನವರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಣ್ಣೆ ಆಕ್ಸಿಜನ್ನಿನ ಅದೇ ಪಾಠ ಹೇಳಿದರು, ಎಲ್ಲರೂ ನಕ್ಕರು. ಅದಾದ ಮೇಲೆ ನಾನು ಎದ್ದು ನಿಂತು ಒಬ್ಬೊಬ್ಬರ ಕೈಗೂ ಪುಸ್ತಕ ಕೊಟ್ಟೆ. ಹದಿನೇಳನೆಯ ಅಧ್ಯಾಯ ಒಳಗಿದೆ ಅಂತ ಗೊತ್ತಿತ್ತು. ಒಂದೇ ಒಂದು ಮಾತು, "ಇದರಲ್ಲೊಂದು ತಪ್ಪಿದೆ, ಭಾವ ಹೇಳಿದ್ದೇ ಸರಿ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಐವತ್ತು ಕೈ ಕುಲುಕಿ ಶಾಲು ಹೊದ್ದುಕೊಂಡು ಮನೆಗೆ ಬಂದೆ.

ಆರು ವಾರಕ್ಕೆ ಅಕ್ಕ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವಾಗಲೇ ಹೇಳತೊಡಗಿದಳು. ಗಿರಾಕಿಗಳಲ್ಲಿ ಒಬ್ಬ, ವೆಲ್ಡಿಂಗ್ ಶಾಪಿನವನು, ಬಿಗಿಯಾದ ಸಿಲಿಂಡರ್ ವಾಲ್ವಿಗೆ ತಲೆ ಎಣ್ಣೆ ಬಿಟ್ಟು ತಿರುಗಿಸಿದ್ದಾನೆ. ಬೆಂಕಿ ಚಿಮ್ಮಿ ಬಲ ಅಂಗೈ ಸುಟ್ಟಿದೆ, ಹುಬ್ಬು ಹೋಗಿದೆ, ಕಣ್ಣು, ದೇವರು ದೊಡ್ಡವನು, ಉಳಿದಿದೆ. ಯಾಕಯ್ಯಾ ಹೀಗೆ ಮಾಡಿದೆ ಅಂದರೆ ನಿಮ್ಮ ಕಾರ್ಖಾನೆಯವರೇ ಕೊಟ್ಟ ಪುಸ್ತಕದಲ್ಲಿದೆ, ನಿಮ್ಮ ಪಾಠದ ಸಾರೇ ಒಪ್ಪಿಗೆ ಕೊಟ್ಟಿದ್ದಾರೆ ಅಂದನಂತೆ.

"ಪಾಠದಲ್ಲಿ ಎಣ್ಣೆ ಬೇಡ ಅಂತಾರೆ, ಪುಸ್ತಕದಲ್ಲಿ ಒಂದು ಹನಿ ಪರವಾಗಿಲ್ಲ ಅಂತಾರೆ, ಒಂದೇ ಹನಿ ಅಲ್ವಾ ಅಂದ್ಕೊಂಡನಂತೆ ಪುಣ್ಯಾತ್ಮ" ಅಂದಳು ಅಕ್ಕ. "ಮ್ಯಾನೇಜರು ನಿನ್ನ ಭಾವನ್ನ ಕೂರಿಸಿಕೊಂಡು ಕೇಳಿದಾರೆ. ಇವರು, ಅದು ನನ್ನ ಕಣ್ಣಿಗೆ ಬೀಳಲಿಲ್ಲ, ತಪ್ಪಾಯ್ತು ಅಂತ ಬರೆದುಕೊಟ್ಟು ಬಂದಿದಾರೆ! ಪಾಠ ನಿಲ್ಲಿಸಿದಾರೆ. ಗೇಟಿಗೂ ಬರಬೇಡಿ ಅಂದ್ರಂತೆ. ಶನಿವಾರ ಹನ್ನೊಂದಕ್ಕೆ ಆ ವೆಲ್ಡರ್ ಬಂದು ಹೇಳಿಕೆಗೆ ಸಹಿ ಹಾಕ್ತಾನೆ, ಆಮೇಲೆ ಇವರನ್ನ ಸ್ಟೋರಿಗೆ ಹಾಕ್ತಾರೆ, ನಟ್ಟು ಬೋಲ್ಟು ಎಣಿಸೋಕೆ."

ನಾನು ನೀರು ಕುಡಿದೆ.

"ಇಡೀ ಪುಸ್ತಕ ಓದಿ, ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ್ರಾ ಅಂತ ನಾನೇ ಬೈದೆ ಕಣೋ. ಮಾತಾಡಲಿಲ್ಲ. ಮೂರು ದಿನದಿಂದ ಬರೀ ಕೈ ನೋಡ್ಕೊಂಡು ಕೂತಿರ್ತಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಹೇಳು. ನಿನಗೆ ಹೇಳಿದ್ರಾ, ಇಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಣ್ಣು ತಾನಾಗಿಯೇ ಬೀರುವಿನ ಕಡೆ ಹೋಯಿತು. ಹಸ್ತಪ್ರತಿ ಅಲ್ಲಿತ್ತು.

"ನೆನಪಿಲ್ಲ ಅಕ್ಕ," ಅಂದೆ. "ಹೇಳಿರಲಿಕ್ಕಿಲ್ಲ."

ನನ್ನ ಸ್ವಂತ ಅಕ್ಕ. ನಾನು ಶಾಲೆಯಲ್ಲಿ ಹೊಡೆಸಿಕೊಂಡು ಬಂದರೆ ಹೊಡೆದವರ ಮನೆಗೆ ನುಗ್ಗುತ್ತಿದ್ದವಳು. ಅವಳ ಮುಖ ನೋಡಿಕೊಂಡು ಹೇಳಿದೆ. ಅವಳು ನಂಬಿದಳು. "ವಯಸ್ಸಾಯ್ತು ಇವರಿಗೂ" ಅಂತ ಕಣ್ಣೊರೆಸಿಕೊಂಡು ಹೋದಳು.

ಆ ವಾರ ನಾನು ನನಗೆ ಹೇಳಿಕೊಂಡ ನೆಪಗಳನ್ನು ಬರೆದರೆ ಇನ್ನೊಂದು ಕಾದಂಬರಿಯಾದೀತು. ಭಾವನ ನಿವೃತ್ತಿಗೆ ಇನ್ನು ಎರಡೇ ವರ್ಷ. ಸ್ಟೋರಿನಲ್ಲಿ ಕುರ್ಚಿ ಇದೆ, ಬಿಸಿಲಿಲ್ಲ. ಅವರೇ ಬರೆದುಕೊಟ್ಟ ಮೇಲೆ ನಾನು ಬಾಯಿ ಹಾಕುವುದು ಸರಿಯಲ್ಲ. ಕ್ಲಾಸಿನಲ್ಲಿ ಮಾತ್ರ ಸಿಕ್ಕ ಸಿಕ್ಕವರ ಮೇಲೆ ಕೂಗಾಡಿದೆ. ಲೆಕ್ಕ ತಪ್ಪಿ ಬರೆದವಳೊಬ್ಬಳಿಗೆ "ತಪ್ಪು ಅಂತ ಗೊತ್ತಿದ್ದೂ ಬರೆಯೋಕೆ ನಾಚಿಕೆ ಆಗಲ್ವಾ?" ಅಂದೆ. "ಗೊತ್ತಿರಲಿಲ್ಲ ಸಾರ್" ಅಂದಳು. ಡಸ್ಟರ್ ಕೆಳಗಿಟ್ಟು ಸ್ಟಾಫ್ ರೂಮಿಗೆ ಹೋಗಿ ಕೂತೆ.

ಶುಕ್ರವಾರ ಸಂಜೆ ಭಾವನ ಫೋನು ಬಂತು.

"ಒಂದು ಕೆಲಸ ಆಗಬೇಕಿತ್ತು," ಅಂದರು. "ನಾನು ಪೆನ್ಸಿಲಲ್ಲಿ ಬರೆದುಕೊಟ್ಟಿದ್ದೆನಲ್ಲ, ಆ ಹಾಳೆಗಳು ಇದ್ರೆ ಹರಿದು ಹಾಕಿಬಿಡು. ಯಾರ ಕೈಗಾದ್ರೂ ಸಿಕ್ಕಿದ್ರೆ ನಾನು ಸುಳ್ಳು ಬರೆದುಕೊಟ್ಟೆ ಅಂತಾಗುತ್ತೆ."

"ಭಾವ, ಯಾಕೆ ಹಾಗೆ ಬರೆದುಕೊಟ್ರಿ?"

"ನೀನು ಎಂಟು ವರ್ಷ ಬರೆದಿದ್ದೀಯ," ಅಂದರು. "ನನ್ನದೇನು, ಪಾಠ ಯಾರಾದ್ರೂ ಹೇಳ್ತಾರೆ. ಒಂದೇ ಮಾತು ಕೇಳ್ತೀನಿ. ಪುಸ್ತಕ ಹಂಚೋವಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹ್ಞೂ," ಅಂದು ಫೋನ್ ಇಟ್ಟರು. ಮೇಷ್ಟ್ರೇ ಅನ್ನಲಿಲ್ಲ, ನೀವು ಅನ್ನಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಶನಿವಾರ ಶಾಲೆಗೆ ರಜೆ ಹಾಕಿ, ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದೆ. ಗೇಟಿನಲ್ಲಿ ಯಾರೋ ಬೇರೆಯವರಿದ್ದರು, ಮೊಬೈಲು ನೋಡುತ್ತಲೇ ಒಳಗೆ ಹೋಗಿ ಅಂದರು. ಮ್ಯಾನೇಜರ ಕೋಣೆಯಲ್ಲಿ ಭಾವ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು. ನನ್ನನ್ನು ನೋಡಿ ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಮೇಜಿನ ಈಚೆ ಆ ವೆಲ್ಡರ್. ನಲವತ್ತರ ಆಸುಪಾಸಿನ ಗಟ್ಟಿ ಆಳು, ಬಲಗೈ ಮಣಿಕಟ್ಟಿನವರೆಗೆ ಬಿಳಿ ಪಟ್ಟಿ, ಹುಬ್ಬಿಲ್ಲದ ಮುಖ ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. ನನ್ನನ್ನು ನೋಡಿದವನೇ ಎದ್ದು ನಿಂತ.

"ಅರೆ, ಮೇಷ್ಟ್ರು! ಪುಸ್ತಕ ಬರೆದೋರು!" ಅಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಎಡಗೈಯಿಂದ ಚೀಲ ತಡಕಾಡಿ ನನ್ನ ಪುಸ್ತಕ ತೆಗೆದ, ಒಂದು ಮೂಲೆ ಕಪ್ಪಾಗಿತ್ತು. "ನಿಮ್ಮ ಭಾವನ ಕೈಲಿ ಕಳಿಸಿ ಸೈನ್ ಹಾಕಿಸ್ಕೊಳ್ಳೋಣ ಅಂತ ತಂದಿದ್ದೆ. ನೀವೇ ಬಂದ್ರಿ. ಹಾಕಿ ಸಾರ್."

ಪುಸ್ತಕ ನನ್ನ ಕೈಗೆ ಬಂತು. ಮ್ಯಾನೇಜರು ಪೆನ್ನು ಕೊಟ್ಟರು. ಮುಖಕ್ಕೆ ಉಗಿದಿದ್ದರೆ ಒರೆಸಿಕೊಂಡು ನಿಲ್ಲುತ್ತಿದ್ದೆ. ಇದಕ್ಕೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

"ನಾನು ಪುಸ್ತಕ ಗಿಸ್ತಕ ಓದೋನಲ್ಲ ಸಾರ್. ಇದೇ ಮೊದಲನೇದು," ಅಂತ ಅವನು ಹೇಳುತ್ತಲೇ ಇದ್ದ. "ಅಮ್ಮನ ಎಣ್ಣೆ ಬಾಟ್ಲಿ ಬಂತು ನೋಡಿ, ಅತ್ತುಬಿಟ್ಟೆ. ನಮ್ಮಮ್ಮನೂ ಹಾಗೇ. ಮಾರನೇ ದಿನ ಬೆಳಿಗ್ಗೆನೇ ಹೀಗೆ ಮಾಡ್ಕೊಂಡೆ. ಮುಂದಿನ ಪುಟ ಓದೋಕೇ ಆಗಿಲ್ಲ. ಕೊನೆಗೆ ಬದುಕ್ತಾನಾ ಸಾರ್ ಅವನು?"

ನಾನು ಭಾವನ ಕಡೆ ನೋಡಲಿಲ್ಲ.

"ಪುಸ್ತಕದಲ್ಲಿ ಬದುಕ್ತಾನೆ," ಅಂದೆ. "ನಿಜವಾಗಿ ಆಗಿದ್ರೆ ಅವತ್ತೇ ಹೋಗಿಬಿಡ್ತಿದ್ದ. ಎಣ್ಣೆ ಹಾಕಿ ವಾಲ್ವ್ ತಿರುಗಿಸಿದ ಕೂಡಲೇ. ನಿಮಗೆ ಆದದ್ದೇ ಅವನಿಗೂ ಆಗ್ತಿತ್ತು, ಮುಚ್ಚಿದ ಗುಡಾರದೊಳಗೆ. ಇದನ್ನ ಭಾವ ನನಗೆ ಅಚ್ಚಾಗೋಕೆ ಮೊದಲೇ ಹೇಳಿದ್ರು." ಹಾಳೆ ತೆಗೆದು ಮ್ಯಾನೇಜರ ಮುಂದಿಟ್ಟೆ. "ಅವರು ನೋಡಿದ್ರು, ಬರೆದುಕೊಟ್ರು. ನಾನು ಸರಿ ಮಾಡ್ತೀನಿ ಅಂತ ಮಾತು ಕೊಟ್ಟು ಮಾಡಲಿಲ್ಲ. ಮೇಲಿಂದ ಅವರು ಒಪ್ಪಿದಾರೆ ಅಂತ ಅಚ್ಚು ಹಾಕಿಸಿದೆ."

ಮ್ಯಾನೇಜರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ನೋಡಿದರು. "ಮತ್ತೆ ಕಣ್ಣಿಗೆ ಬೀಳಲಿಲ್ಲ ಅಂತ ಯಾಕ್ರೀ ಬರೆದುಕೊಟ್ರಿ?" ಅಂತ ಭಾವನನ್ನು ಕೇಳಿದರು.

"ನನ್ನ ಹೆಂಡತಿ ತಮ್ಮ ಸಾರ್," ಅಂದರು ಭಾವ. ಅಷ್ಟೇ ಅಂದರು. ಅವರ ಕಿವಿ ಕೆಂಪಾಗಿತ್ತು. ತಪ್ಪು ಮಾಡಿದವನು ನಾನು, ಕೈ ಕಟ್ಟಿ ತಲೆ ತಗ್ಗಿಸಿ ಕೂತವರು ಅವರು.

ಮ್ಯಾನೇಜರು ಸ್ಟೋರಿನ ಆದೇಶದ ಕಾಗದವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. "ಸೋಮವಾರ ಒಂಬತ್ತು ಜನ ಹೊಸಬರು ಬರ್ತಾರೆ, ಪಾಠ ನಿಮ್ಮದೇ. ಇನ್ನೊಂದು ಸಲ ನನ್ನ ಹತ್ತಿರ ಸುಳ್ಳು ಬರೆದುಕೊಟ್ರೆ ಮಾತ್ರ ನಾನೇ ನಿಮ್ಮನ್ನ ಸಿಲಿಂಡರ್ ಒಳಗೆ ತುಂಬಿಬಿಡ್ತೀನಿ," ಅಂದರು. ಭಾವ ಕಣ್ಣು ಒತ್ತಿಕೊಂಡರು. ಉಳಿದ ಪುಸ್ತಕಗಳನ್ನು ನಾನೇ ಮನೆ ಮನೆಗೆ ಹೋಗಿ ವಾಪಸು ತರುತ್ತೇನೆ, ಒಂದೊಂದು ಮನೆಯಲ್ಲೂ ಯಾಕೆ ಅಂತ ಹೇಳುತ್ತೇನೆ ಅಂದೆ. ಮ್ಯಾನೇಜರು ಪಟ್ಟಿ ಕೊಡಿಸುತ್ತೇನೆ ಅಂದರು.

ವೆಲ್ಡರಿಗೆ ಎಲ್ಲ ಅರ್ಥವಾಗುವುದಕ್ಕೆ ಸ್ವಲ್ಪ ಸಮಯ ಬೇಕಾಯಿತು.

"ಅವತ್ತು ಸಭೆಯಲ್ಲಿ ಇದನ್ನ ನನಗೆ ಕೊಟ್ಟಿದ್ದು ನೀವೇ ಅಲ್ವಾ ಸಾರ್?" ಅಂದ. "ಕೈ ಕುಲುಕಿದ್ರಿ."

"ಹೌದು."

"ಆಗ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಸಾರ್ ಹಾಗೆ ಬರೆದ್ರಿ?"

"ಓದೋರು ಅಳಲಿ ಅಂತ," ಅಂದೆ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಒಂದು ಉಸಿರು ಸಿಗುತ್ತಿತ್ತು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಡಗೈ ಮುಂದೆ ಚಾಚಿದ. ನನ್ನ ಕೈಯಲ್ಲಿ ಪೆನ್ನಿನ ಮುಚ್ಚಳ ತೆಗೆದೇ ಇತ್ತು.

"ಸೈನ್ ಬೇಡ ಬಿಡಿ," ಅಂದ. "ಹಾಗೇ ಕೊಡಿ."

ಕೊಟ್ಟೆ.